ಊಟದ ಮೇಜಿನ ಮೇಲಿನ ಆಫೀಸು

(ಆಪ್ತಸಮಾಲೋಚನೆಗೆ ನನ್ನ ಬಳಿ ಬಂದವರೊಬ್ಬರ ಕತೆ ಇದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

"ಮೇಡಂ, ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಅಂತ ಮೇಲ್ ಬಂತು. ಟೀಮಿನವರೆಲ್ಲ ಬೇಜಾರು ಮಾಡ್ಕೊಂಡ್ರು. ನಾನು ಬಾತ್‌ರೂಮಿಗೆ ಹೋಗಿ ಖುಷಿಗೆ ಅತ್ತುಬಿಟ್ಟೆ. ನಾಲ್ಕು ವರ್ಷದ ಮಗನನ್ನು ಬಿಟ್ಟು ಹೋಗೋಕೆ ಖುಷಿ ಆಗುತ್ತೆ ಅಂದ್ರೆ ನಾನು ಎಂಥ ತಾಯಿ?"

ಮೊದಲ ದಿನ ಕುರ್ಚಿಯಲ್ಲಿ ಕೂತ ಕೂಡಲೇ ಅವರು ಕೇಳಿದ್ದು ಇದನ್ನು. ವಯಸ್ಸು 34. ಮನೆ ರಾಜಾಜಿನಗರದಲ್ಲಿ, ಕಂಪನಿ ವೈಟ್‌ಫೀಲ್ಡ್‌ನಲ್ಲಿ. ಉದ್ಯೋಗಿಗಳ ಸಂಬಳದ ಲೆಕ್ಕ ನೋಡುವ ಕೆಲಸ. 2020ರ ಮಾರ್ಚ್‌ನಲ್ಲಿ ಮನೆಗೆ ತಂದ ಲ್ಯಾಪ್‌ಟಾಪು ಮನೆಯಲ್ಲೇ ಉಳಿದಿತ್ತು. ಹೆರಿಗೆ ರಜೆ ಮುಗಿಸಿ ಕೆಲಸ ಶುರುಮಾಡಿದ್ದೂ ಮನೆಯಿಂದಲೇ. ಈಗ ಕೆಲವು ತಿಂಗಳಿಂದ ನಿದ್ದೆ ಇಲ್ಲ, ಸಣ್ಣದಕ್ಕೂ ಸಿಟ್ಟು, ಸಂಜೆಯಾದರೆ ತಲೆನೋವು. ವೈದ್ಯರು ಥೈರಾಯ್ಡ್, ಬಿ12 ಎಲ್ಲ ಪರೀಕ್ಷೆ ಮಾಡಿಸಿದ್ದರು. ಏನೂ ತೊಂದರೆ ಇರಲಿಲ್ಲ.

ನಾನು ಒಂದು ಬಿಳಿ ಹಾಳೆ ಕೊಟ್ಟೆ. ನಿಮ್ಮ ಮನೆಯ ನಕ್ಷೆ ಬರೆಯಿರಿ, ಹಗಲು ಹೊತ್ತು ಯಾರು ಎಲ್ಲಿ ಕೂರುತ್ತಾರೆ ಅಂತ ಗುರುತು ಹಾಕಿ ಅಂದೆ. ಗಂಡನದೂ ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ. ಅವರ ಗುರುತು ಚಿಕ್ಕ ರೂಮಿನಲ್ಲಿ ಬಿತ್ತು. ಅತ್ತೆ, ಮಾವ ಹಾಲ್‌ನಲ್ಲಿ. ಇವರದು ಅಡುಗೆಮನೆಗೆ ಅಂಟಿಕೊಂಡ ಊಟದ ಮೇಜಿನ ತುದಿಯಲ್ಲಿ. ತಿಂಡಿಗೆ ಒಮ್ಮೆ, ಊಟಕ್ಕೆ ಒಮ್ಮೆ ಲ್ಯಾಪ್‌ಟಾಪ್ ಎತ್ತಬೇಕು. ಬರೆದು ಮುಗಿಸಿ ಸ್ವಲ್ಪ ಹೊತ್ತು ನೋಡಿದರು. "ನನಗೆ ಮಾತ್ರ ಬಾಗಿಲಿಲ್ಲ, ಅಲ್ವಾ ಮೇಡಂ?"

ಕುರ್ಚಿಯಿಂದ ಏಳಬೇಕಾಗಿ ಬಂದಾಗಲೆಲ್ಲ ಒಂದು ಗೆರೆ ಎಳೆಯಿರಿ ಎಂದು ಹೇಳಿ ಕಳಿಸಿದೆ. ಮುಂದಿನ ವಾರ ಚೀಟಿ ತಂದರು. ಆಫೀಸಿಗೆ ಹೋಗುವುದು ಇನ್ನೂ ಶುರುವಾಗಿರಲಿಲ್ಲ. ಮಂಗಳವಾರ ಒಂದೇ ದಿನ 23 ಗೆರೆ. ಸಿಲಿಂಡರ್‌ನವನು, ಕೊರಿಯರ್‌ನವನು, ಕುಕ್ಕರ್, ಅತ್ತೆಯ ಮಾತ್ರೆ, ಮಗನ ಕ್ರೇಯಾನ್. ಗಂಡ ಮನೆಯಲ್ಲಿದ್ದ ದಿನವೂ ಬಾಗಿಲು ತೆಗೆದದ್ದು ಇವರೇ. ಹೀಗೆ ಹಗಲು ಹರಿದುಹೋದ ಕೆಲಸವನ್ನು ರಾತ್ರಿ ಹತ್ತರ ಮೇಲೆ ಕೂತು ಹೊಲಿಯುತ್ತಿದ್ದರು. ನಿದ್ದೆ ಹೋಗಿದ್ದು ಅಲ್ಲಿ.

ಅವರನ್ನು ಕೊರೆಯುತ್ತಿದ್ದ ತಪ್ಪಿತಸ್ಥ ಭಾವದ ಬಗ್ಗೆ ಜಾಸ್ತಿ ಹೊತ್ತು ಮಾತಾಡಿದೆವು. ಆಫೀಸೇ ಬೇಕು ಅನ್ನಿಸುವುದು ನಿಮ್ಮೊಬ್ಬರಿಗೇ ಅಲ್ಲ ಎಂದು ಒಂದು ಪ್ರಯೋಗದ ಕತೆ ಹೇಳಿದೆ. 2010ರ ಸುಮಾರಿಗೆ ಚೀನಾದ ಒಂದು ಪ್ರವಾಸ ಕಂಪನಿ ತನ್ನ ಕಾಲ್‌ಸೆಂಟರ್ ನೌಕರರನ್ನು ಒಂಬತ್ತು ತಿಂಗಳು ಮನೆಯಿಂದ ದುಡಿಸಿ ನೋಡಿತ್ತು. ಕೆಲಸ 13% ಹೆಚ್ಚಾಯಿತು. ಆದರೂ ಆಮೇಲೆ ನಿಮ್ಮಿಷ್ಟ ಅಂದಾಗ ಅನೇಕರು ಆಫೀಸಿಗೇ ವಾಪಸ್ ಹೋದರು. ಒಂಟಿತನ ದೊಡ್ಡ ಕಾರಣವಾಗಿತ್ತು. ನಿಮ್ಮ ಖುಷಿ ಮಗನಿಂದ ದೂರ ಹೋಗುವ ಖುಷಿಯಲ್ಲ, ಒಂದೇ ಕೆಲಸವನ್ನು ಪೂರ್ತಿ ಮಾಡಿ ಮುಗಿಸುವ ಖುಷಿ ಇರಬಹುದು ಅಂದೆ. ಅವರು ತಡೆದು ಹೇಳಿದರು, "ಮೆಟ್ರೊದಲ್ಲಿ ಅಷ್ಟು ಹೊತ್ತು ಯಾರೂ ನನ್ನ ಹೆಸರು ಕರೆಯಲ್ಲ ಮೇಡಂ." 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ರಾಜಾಜಿನಗರದಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ಆಯಿತು. ಅನೇಕರಿಗೆ ಓಡಾಟ ಹೊರೆ. ಇವರಿಗೆ ಅದೇ ಬಿಡುವು.

ಆದರೆ ಆಫೀಸಿಲ್ಲದೆ ಮನೆಯಿಂದಲೇ ದುಡಿಯುವ ಸೋಮವಾರ, ಶುಕ್ರವಾರದ ತೊಂದರೆ ಹಾಗೇ ಉಳಿದಿತ್ತು. ಮೂರನೇ ಭೇಟಿಗೆ ಮನೆಯವರನ್ನೂ ಕರೆಸಿದೆ. ಅತ್ತೆಗೆ 66, ಮಂಡಿ ನೋವು. ಅವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಾಗಲಿಲ್ಲ. ಡಬ್ಬಿ ಹಿಡಿದು, ಬಸ್ ಹತ್ತಿ ಹೋಗುವುದನ್ನೇ ಅವರು ಜೀವನವಿಡೀ ಕೆಲಸ ಅಂತ ನೋಡಿದ್ದು. ಪರದೆ ನೋಡುತ್ತಾ ಕೂತ ಸೊಸೆ ಅವರ ಕಣ್ಣಿಗೆ ಮನೆಯಲ್ಲಿರುವ ಸೊಸೆ, ಅಷ್ಟೇ. ಗಂಡ ನಕ್ಷೆ ನೋಡಿ ಸುಮ್ಮನೆ ಕೂತರು. ದಾರಿ ತೋರಿಸಿದ್ದು ಮಾವ. ಪೀಣ್ಯದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. "ನಿನ್ನ ಶಿಫ್ಟ್ ಎಷ್ಟರಿಂದ ಎಷ್ಟಮ್ಮ?" ಎಂದು ಕೇಳಿದರು. ಆ ಒಂದು ಮಾತು ಅತ್ತೆಗೆ ತಟ್ಟನೆ ಅರ್ಥವಾಯಿತು. ಶಿಫ್ಟ್‌ನಲ್ಲಿದ್ದ ಗಂಡನನ್ನು ಅವರು ಎಂದೂ ಮನೆ ಕೆಲಸಕ್ಕೆ ಕರೆದವರಲ್ಲ.

ಅಲ್ಲಿಂದ ಏರ್ಪಾಡು ಮಾಡಿದೆವು. ಗಂಡ ತಮ್ಮ ಮನೆಯ ದಿನಗಳನ್ನು ಮಂಗಳವಾರ, ಗುರುವಾರಕ್ಕೆ ಬದಲಿಸಿಕೊಂಡರು. ಸೋಮವಾರ, ಶುಕ್ರವಾರ ಬಾಗಿಲಿರುವ ರೂಮು ಇವರದು. ಆ ದಿನಗಳಲ್ಲೂ ಬೆಳಿಗ್ಗೆಯೇ ಡಬ್ಬಿ ಕಟ್ಟಿ ರೂಮಿಗೆ ಒಯ್ಯಿರಿ ಅಂದೆ. ಅತ್ತೆಯ ಕಣ್ಣಿಗೆ ಡಬ್ಬಿ ಬೀಳಲಿ ಅಂತಲೇ. ಸಿಲಿಂಡರ್, ಕೊರಿಯರ್‌ಗೆ ಮಾವನ ಫೋನ್ ನಂಬರ್. ಮಗನಿಗೆ ಶಿಫ್ಟ್ ಅರ್ಥವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅವನು ನರ್ಸರಿಯಿಂದ ಬರುವ ಹನ್ನೆರಡೂವರೆಗೆ ಮುಕ್ಕಾಲು ಗಂಟೆ ಪೂರ್ತಿ ಅವನಿಗೆ, ಫೋನ್ ಇಲ್ಲದೆ. ಸಂಜೆ ಆರೂವರೆಗೆ ಲ್ಯಾಪ್‌ಟಾಪ್ ಬೀರುವಿನೊಳಗೆ. 50 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕೆಂದು 2017ರಿಂದ ಕಾನೂನಿದೆ. ಅದರ ಬಗ್ಗೆ ಎಚ್‌ಆರ್‌ಗೆ ಬರೆದು ಕೇಳಲೂ ಹೇಳಿದೆ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ನೋಡೋಣ, ನಡುರಾತ್ರಿ ಮನಸ್ಸು ತೀರಾ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಎಂದಿದ್ದೆ. ಎರಡೂ ಬೇಕಾಗಲಿಲ್ಲ.

ಮನೆಯಲ್ಲಿದ್ದರೆ ಬಡ್ತಿ ತಪ್ಪುತ್ತದೆ ಎಂಬ ಭಯವೂ ಅವರಿಗಿತ್ತು. ಅದೇ ಚೀನಾ ಕಂಪನಿಯ 1,612 ನೌಕರರ ಮೇಲೆ ನಡೆದ ಇನ್ನೊಂದು ಅಧ್ಯಯನ 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ವಾರಕ್ಕೆ ಎರಡು ದಿನ ಮನೆಯಲ್ಲಿದ್ದವರ ಬಡ್ತಿಗೆ ಏಟು ಬೀಳಲಿಲ್ಲ. ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು. ಈ ಮಿಶ್ರ ಪದ್ಧತಿ ಉಳಿಯುತ್ತದೆ ಎಂದೇ ನನ್ನ ನಂಬಿಕೆ. ಆದರೆ ಎಷ್ಟು ದಿನ ಎಲ್ಲಿ ಎಂಬುದರ ಜೊತೆಗೆ ಬಾಗಿಲಿರುವ ರೂಮು ಯಾರಿಗೆ ಎಂಬುದೂ ಪ್ರತಿ ಮನೆಯಲ್ಲಿ ತೀರ್ಮಾನವಾಗಬೇಕು.

ಕಳೆದ ವಾರ ಬಂದಿದ್ದರು. ಶುಕ್ರವಾರದ ಗೆರೆಗಳು ಆರಕ್ಕೆ ಇಳಿದಿವೆ. ಅತ್ತೆ ಈಗಲೂ ಆಗಾಗ ಕರೆಯುತ್ತಾರೆ, ಆದರೆ ಬಾಗಿಲು ತಟ್ಟಿ. ಕಂಪನಿ ನಾಲ್ಕು ದಿನಕ್ಕೆ ಏರಿಸುತ್ತದೆ ಎಂಬ ಸುದ್ದಿಯಂತೆ. ಹಾಗಾದರೆ ಅತ್ತೆಯ ಮಂಡಿ, ಮಗನ ಊಟ ಎಲ್ಲವನ್ನೂ ಮತ್ತೆ ಕೂತು ನೋಡಬೇಕು. ಹೋಗುವಾಗ ಅವರೇ ಇನ್ನೊಂದು ಬಿಳಿ ಹಾಳೆ ಕೇಳಿ ತೆಗೆದುಕೊಂಡರು.