ಸೂಪರ್‌ಮಾರ್ಕೆಟ್ಟಿಗೆ ಬರೆಯುವ ಪತ್ರದಲ್ಲಿ ದಿನಗಳ ಲೆಕ್ಕ ಕೇಳಿ

ಅಮೆರಿಕದ ಒಹಾಯೋ ರಾಜ್ಯದಲ್ಲಿ ನೆಲೆಸಿರುವ ನಮ್ಮ ಸದಸ್ಯರೊಬ್ಬರು ನಿನ್ನೆ ಒಂದು ಪ್ರಶ್ನೆ ಕೇಳಿದ್ದಾರೆ. ಗಬ್ಬದ ಹಂದಿಗಳನ್ನು ಕ್ರೇಟು ಎಂಬ ಇಕ್ಕಟ್ಟಾದ ಗೂಡಿನಲ್ಲಿ ಕೂಡಿಹಾಕುವ ಫಾರಂಗಳಿಂದ ಮಾಂಸ ತರಿಸಬೇಡಿ ಎಂದು ತಾವು ವ್ಯಾಪಾರ ಮಾಡುವ ಸೂಪರ್‌ಮಾರ್ಕೆಟ್ಟಿಗೆ ಬರೆದರೆ ಪ್ರಯೋಜನವಿದೆಯೇ, ಬರೆಯುವುದಾದರೆ ಏನನ್ನು ಕೇಳಬೇಕು ಎಂಬುದು ಅವರ ಪ್ರಶ್ನೆ. ಪ್ರಯೋಜನವಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಪ್ರಾಣಿಗಳ ಮೇಲೆ ದಯೆಯಿರಲಿ ಎಂದಷ್ಟೇ ಬರೆದರೆ ನಯವಾದ ಮಾತುಗಳ ಒಂದು ಉತ್ತರ ಬಂದು ವಿಷಯ ಅಲ್ಲಿಗೇ ಮುಗಿಯುತ್ತದೆ. ತಾಯಿ ಹಂದಿ ಎಷ್ಟು ದಿನ ಕ್ರೇಟಿನಲ್ಲಿ ಇರುತ್ತದೆ ಎಂಬ ಲೆಕ್ಕವನ್ನೇ ಕೇಳಬೇಕು.

ಹಂದಿಯ ಗರ್ಭಾವಧಿ ಸುಮಾರು 114 ದಿನ, ನಾವು ಸಾಕುವವರು ಹೇಳುವಂತೆ ಮೂರು ತಿಂಗಳು ಮೂರು ವಾರ ಮೂರು ದಿನ. ಅಮೆರಿಕದ ದೊಡ್ಡ ಫಾರಂಗಳಲ್ಲಿ ಈ ಅವಧಿಗೆ ಬಳಸುವ ಕ್ರೇಟು ಹೆಚ್ಚುಕಡಿಮೆ ಎರಡು ಅಡಿ ಅಗಲ, ಏಳು ಅಡಿ ಉದ್ದವಿರುತ್ತದೆ. ಹಂದಿ ಅದರೊಳಗೆ ಏಳಬಹುದು, ಮಲಗಬಹುದು, ಆದರೆ ಮೈ ತಿರುಗಿಸುವಂತಿಲ್ಲ. ಮರಿಗಳನ್ನು ಹಾಲು ಬಿಡಿಸಿದ ಕೆಲವೇ ದಿನಗಳಲ್ಲಿ ಮತ್ತೆ ಬೆದೆ, ಮತ್ತೆ ಗಬ್ಬ, ಮತ್ತೆ ಅದೇ ಕ್ರೇಟು. ವರ್ಷಕ್ಕೆ ಎರಡಕ್ಕಿಂತ ಹೆಚ್ಚು ಸೂಲು ತೆಗೆಯುವುದರಿಂದ ಆ ಹಂದಿಯ ಬದುಕಿನ ಬಹುಪಾಲು ಹಾಗೆಯೇ ಕಳೆಯುತ್ತದೆ.

2012ರಲ್ಲಿ ಕ್ರೋಗರ್, ಕಾಸ್ಟ್ಕೊ, ಸೇಫ್‌ವೇಯಂತಹ ಮಳಿಗೆಗಳು ಈ ಪದ್ಧತಿಯಿಂದ ಹೊರಬರುವುದಾಗಿ ಒಂದರ ಹಿಂದೊಂದು ಘೋಷಿಸಿದವು. ಗೊಂದಲ ಹುಟ್ಟಿದ್ದು ಕ್ರೇಟಿನ ಬದಲು ಹಂದಿಗಳನ್ನು ಒಟ್ಟಿಗೆ ಬಿಡುವುದಕ್ಕೆ ಹೇಳುವ 'ಗುಂಪು ವಸತಿ' ಎಂಬ ಪದದಲ್ಲಿ. ಗಬ್ಬ ನಿಂತದ್ದು ಖಚಿತವಾಗುವ ತನಕ, ಅಂದರೆ ನಾಲ್ಕರಿಂದ ಆರು ವಾರ ಕ್ರೇಟಿನಲ್ಲಿಟ್ಟು, ಆಮೇಲೆ ಗುಂಪಿಗೆ ಬಿಟ್ಟರೂ ಅದನ್ನು ಗುಂಪು ವಸತಿ ಎಂದೇ ಕರೆಯುತ್ತಾರೆ. 2022ರಲ್ಲಿ ಹೂಡಿಕೆದಾರ ಕಾರ್ಲ್ ಐಕಾನ್ ಮೆಕ್‌ಡೊನಾಲ್ಡ್ಸ್‌ನ ಷೇರುದಾರರ ಸಭೆಗೆ ಒಯ್ದ ತಕರಾರು ಇದೇ. ಅವರಿಗೆ ಸಿಕ್ಕಿದ್ದು ಶೇಕಡಾ ಒಂದರಷ್ಟು ಮತ. ಷೇರುದಾರರ ಸಭೆಗಿಂತ ವಾರವಾರ ದುಡ್ಡು ಕೊಡುವ ಗಿರಾಕಿಯ ಪತ್ರದ ಮೇಲೆಯೇ ನನಗೆ ಭರವಸೆ ಹೆಚ್ಚು.

ನಿಮ್ಮ ರಾಜ್ಯದ ನಿಯಮದಲ್ಲಿಯೂ ಈ ಸಂದು ಇದೆ. ಒಹಾಯೋದ ಜಾನುವಾರು ಪಾಲನಾ ಮಾನದಂಡಗಳ ಪ್ರಕಾರ ಹಳೆಯ ಫಾರಂಗಳು ಕ್ರೇಟು ಬಳಸಲು 2025ರ ಡಿಸೆಂಬರ್ 31 ಕೊನೆಯ ದಿನ, ಆದರೆ ಗಬ್ಬ ಖಚಿತವಾಗುವವರೆಗೆ ಇಡಲು ಆ ಬಳಿಕವೂ ಅವಕಾಶವಿದೆ. ಅದಲ್ಲದೆ ಆ ನಿಯಮ ಒಹಾಯೋದ ಫಾರಂಗಳಿಗೆ ಮಾತ್ರ ಅನ್ವಯಿಸುತ್ತದೆ, ಬೇರೆ ರಾಜ್ಯವಾದ ಅಯೋವಾದಿಂದ ಲಾರಿಯಲ್ಲಿ ಬಂದಿಳಿಯುವ ಮಾಂಸಕ್ಕಲ್ಲ. ಕ್ಯಾಲಿಫೋರ್ನಿಯಾವಾದರೋ ತನ್ನಲ್ಲಿ ನಡೆಯುವ ಮಾರಾಟಕ್ಕೇ ನಿಯಮ ಹಾಕಿತು. ಅಲ್ಲಿನ ಮತದಾರರು 2018ರಲ್ಲಿ ಒಪ್ಪಿದ 12ನೆಯ ಪ್ರಸ್ತಾವದ ಪ್ರಕಾರ, ಎಲ್ಲಿ ಬೆಳೆದ ಹಂದಿಯೇ ಆಗಲಿ, ಅದರ ತಾಯಿಗೆ 24 ಚದರ ಅಡಿ ಜಾಗ ಸಿಕ್ಕಿರಬೇಕು. ಈಯುವ ಮುಂಚಿನ ಐದು ದಿನ ಮತ್ತು ಹಾಲೂಡಿಸುವ ಅವಧಿಗೆ ಮಾತ್ರ ವಿನಾಯಿತಿ. ಮಾಂಸೋದ್ಯಮದವರು ಹೂಡಿದ ದಾವೆಯನ್ನು ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ತಳ್ಳಿಹಾಕಿತು. ಆದ್ದರಿಂದ ಆ ಮಾರುಕಟ್ಟೆಗೆ ಕಳುಹಿಸುವ ಪೂರೈಕೆದಾರರು ಈ ರೀತಿ ಸಾಕಿದ ಹಂದಿಯನ್ನು ಈಗಾಗಲೇ ಬೇರೆಯಾಗಿ ಗುರುತಿಟ್ಟು ಕೊಡುತ್ತಿದ್ದಾರೆ. ಅದೇ ಮಾಂಸವನ್ನು ನಮ್ಮೂರಿನ ಮಳಿಗೆಗೂ ಏಕೆ ತರಿಸಬಾರದು ಎಂಬ ಪ್ರಶ್ನೆಯಿಂದಲೇ ಪತ್ರವನ್ನು ಆರಂಭಿಸಿ, ಏಕೆಂದರೆ ಆಗುವುದಿಲ್ಲ ಎಂದು ಹೇಳುವುದು ಅವರಿಗೆ ಕಷ್ಟ. ಆ ಕಾನೂನು ಸಾಸೇಜ್ ಮತ್ತು ಬೇಯಿಸಿದ ಪದಾರ್ಥಗಳನ್ನು ಹೊರಗಿಟ್ಟಿದೆ. ಆದ್ದರಿಂದ ಮಳಿಗೆಯ ಸ್ವಂತ ಹೆಸರಿನ ಸಾಸೇಜ್ ಬಗ್ಗೆ ಬೇರೆಯಾಗಿ ಕೇಳಿ.

ಮರಿ ಹಾಕುವಾಗಿನ ಕ್ರೇಟನ್ನು ಇದೇ ಪತ್ರದಲ್ಲಿ ಸೇರಿಸಬೇಡಿ ಎಂಬುದು ನನ್ನ ಸಲಹೆ. ಅಲ್ಲಿ ತಾಯಿಯ ಮೈಕೆಳಗೆ ಸಿಕ್ಕಿ ಮರಿ ಸಾಯುವ ಪ್ರಶ್ನೆ ನಿಜವಾದದ್ದು, ಎರಡನ್ನೂ ಕಲಸಿದರೆ ಅವರು ಅದನ್ನೇ ನೆಪಮಾಡಿ ಮೊದಲನೆಯದನ್ನೂ ತೇಲಿಸಿಬಿಡುತ್ತಾರೆ. ಗುಂಪಿನಲ್ಲಿ ಬಿಟ್ಟರೆ ಹಂದಿಗಳು ಕಚ್ಚಾಡುತ್ತವೆ ಎಂಬ ಮಾತೂ ಬರಬಹುದು. ಅದು ಸುಳ್ಳಲ್ಲ. ನಾನು ಮೊದಲ ಸಲ ನಾಲ್ಕು ಹಂದಿಗಳನ್ನು ಒಂದೇ ಗೂಡಿಗೆ ಬಿಟ್ಟಾಗ ಎರಡು ದಿನ ನಿದ್ದೆ ಮಾಡಲಿಲ್ಲ. ಆದರೆ ಮೇವನ್ನು ಒಂದೇ ತೊಟ್ಟಿಗೆ ಸುರಿಯದೆ ಅಗಲವಾಗಿ ಹರಡಿ, ನೆಲಕ್ಕೆ ಹುಲ್ಲು ಹಾಸಿ, ಸೋತ ಹಂದಿ ಸರಿದು ನಿಲ್ಲಲು ಒಂದು ಅಡ್ಡಗೋಡೆ ಕಟ್ಟಿದ ಮೇಲೆ ಜಗಳ ಬಹುಮಟ್ಟಿಗೆ ತಗ್ಗಿತು. ಬ್ರಿಟನ್ನಿನಲ್ಲಿ 1999ರಿಂದ ಗಬ್ಬದ ಹಂದಿಗೆ ಕ್ರೇಟು ನಿಷಿದ್ಧವಾಗಿದ್ದರೂ ಅಲ್ಲಿನ ರೈತರು ಹಂದಿ ಸಾಕುತ್ತಲೇ ಇದ್ದಾರೆ.

ಪತ್ರ ಒಂದು ಪುಟ ಮೀರದಿರಲಿ. ಮಳಿಗೆಯ ವ್ಯವಸ್ಥಾಪಕರಿಗೆ ಒಂದು ಪ್ರತಿ ಕೊಟ್ಟು, ಮೂಲವನ್ನು ಪ್ರಧಾನ ಕಚೇರಿಯ ಮಾಂಸ ಖರೀದಿ ವಿಭಾಗಕ್ಕೆ ಕಳುಹಿಸಿ. ನೀವು ತಿಂಗಳಿಗೆ ಎಷ್ಟರ ಹಂದಿಮಾಂಸ ಕೊಳ್ಳುತ್ತೀರಿ ಎಂಬುದನ್ನು ಮೊದಲ ಸಾಲಿನಲ್ಲಿಯೇ ಬರೆಯಿರಿ. ಬೆದೆಗೆ ಬಂದ ದಿನದಿಂದ ಈಯುವ ದಿನದವರೆಗೆ ಹಂದಿ ಕ್ರೇಟಿನಲ್ಲಿ ಒಟ್ಟು ಎಷ್ಟು ದಿನ ಇರುತ್ತದೆ, ಒಂದು ದಿನವೂ ಇರದ ಫಾರಂಗಳಿಂದ ಈ ವರ್ಷ ಬಂದ ಮಾಂಸ ಶೇಕಡಾ ಎಷ್ಟು, ಅದನ್ನು ಪರಿಶೀಲಿಸುವ ಹೊರಗಿನ ಸಂಸ್ಥೆ ಯಾವುದು ಎಂಬ ಮೂರಕ್ಕೆ ಸಂಖ್ಯೆ ಮತ್ತು ಹೆಸರಿನಲ್ಲಿಯೇ ಉತ್ತರ ಬೇಕೆಂದು ಸ್ಪಷ್ಟವಾಗಿ ತಿಳಿಸಿ. ಉತ್ತರದಲ್ಲಿ ಮತ್ತೆ 'ಗುಂಪು ವಸತಿ' ಎಂದಷ್ಟೇ ಇದ್ದರೆ, ಅದು ಗಬ್ಬದ ಎಷ್ಟನೆಯ ದಿನದಿಂದ ಎಂದು ಕೇಳಿ ಅದೇ ಪತ್ರವನ್ನು ಹಿಂದಕ್ಕೆ ಕಳುಹಿಸಿ.