ವಿದ್ಯಾರ್ಥಿಗಳು ಅಂದ್ರೆ ಯಾರ್ಯಾರು?

ಈ ಸಲ ಬಂದ ಪತ್ರಗಳಲ್ಲಿ ಐದು ಹೆಚ್ಚುಕಮ್ಮಿ ಒಂದೇ ವಿಷಯದ ಸುತ್ತ ಇದ್ದವು. ಕಾಲೇಜು ಶುರುವಾಗಿ ಬ್ಯಾನರು, ಆಹ್ವಾನ ಪತ್ರಿಕೆ ಎಲ್ಲ ಅಚ್ಚಾಗುವ ಹೊತ್ತು, ಅದಕ್ಕೇ ಇರಬೇಕು. ಮಿಕ್ಕ ಪ್ರಶ್ನೆಗಳು ಮುಂದಿನ ಸಂಚಿಕೆಗೆ.

ಮೇಡಂ, ಹೊಸಬರ ಸ್ವಾಗತಕ್ಕೆ 'ನೂತನ ವಿದ್ಯಾರ್ಥಿಗಳಿಗೆ ಸ್ವಾಗತ' ಅಂತ ಬ್ಯಾನರ್ ಬರೆಸಿದೆವು. ಕ್ಲಾಸಿನ ಒಬ್ಬಳು 'ವಿದ್ಯಾರ್ಥಿನಿಯರು ಎಲ್ಲಿ?' ಅಂದಳು. ವಿದ್ಯಾರ್ಥಿಗಳು ಅಂದರೆ ಎಲ್ಲರೂ ಸೇರಿದರು ಅಂತ ಕೆಲವರು, ಸೇರಲಿಲ್ಲ ಅಂತ ಕೆಲವರು. ವಾಟ್ಸ್ಆಪ್ ಗ್ರೂಪಿನಲ್ಲಿ ಎರಡು ಪಾರ್ಟಿ ಆಗಿಹೋಗಿದೆ. ಯಾರು ಸರಿ?
— ಬಿ.ಎ. ವಿದ್ಯಾರ್ಥಿ, ಹಾಸನ

ಮೊದಲು ಒಂದು ತಪ್ಪೊಪ್ಪಿಗೆ. ನೀವು ಹೆಸರು ಹಾಕಿಲ್ಲ, 'ಬಿ.ಎ. ವಿದ್ಯಾರ್ಥಿ' ಅಂತಷ್ಟೇ ಬರೆದಿದ್ದೀರಿ. ಓದುತ್ತಾ ಓದುತ್ತಾ ನಾನು ನಿಮ್ಮನ್ನು ಹುಡುಗ ಅಂದುಕೊಂಡೆ. ಕನ್ನಡಕ ಹಾಕಿ ಇನ್ನೊಂದು ಸಲ ಓದಿದಾಗಲೇ ಹೊಳೆದದ್ದು, ಇಡೀ ಪತ್ರದಲ್ಲಿ ಹಾಗಂತ ಎಲ್ಲೂ ಇಲ್ಲವಲ್ಲ! ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ಹೆಂಗಸು ನಾನು, ನನ್ನ ತಲೆಯೇ ಹೀಗೆ ಓಡಿದರೆ ನಿಮ್ಮ ಗೆಳತಿ ಕೇಳಿದ್ದರಲ್ಲಿ ಏನು ತಪ್ಪು?

ವ್ಯಾಕರಣ ಕೇಳಿದರೆ 'ವಿದ್ಯಾರ್ಥಿಗಳು' ಅನ್ನುವುದರಲ್ಲಿ ಎಲ್ಲರೂ ಸೇರುತ್ತಾರೆ, ಅದು ನಿಜ. ಆದರೆ ಓದುವವರ ಕಣ್ಣ ಮುಂದೆ ಎಲ್ಲರೂ ಬರುವುದಿಲ್ಲ. 2001ರಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಜನರಿಗೆ ಮೆಚ್ಚಿನ ಕಾದಂಬರಿ ಪಾತ್ರಗಳು ಯಾರು, ರಾಜಕಾರಣಿಗಳು ಯಾರು ಅಂತ ಕೇಳಿದರು. ಕೆಲವರಿಗೆ ಬರೀ ಪುಲ್ಲಿಂಗದ ಪದ ಹಾಕಿ ಕೇಳಿದರು, ಕೆಲವರಿಗೆ ಇಬ್ಬರೂ ಸೇರುವ ಹಾಗೆ ಕೇಳಿದರು. ಇಬ್ಬರನ್ನೂ ಸೇರಿಸಿ ಕೇಳಿದಾಗ ಹೆಂಗಸರ ಹೆಸರು ಜಾಸ್ತಿ ಬಂದವು.

ಅಷ್ಟು ದೂರ ಯಾಕೆ ಹೋಗಬೇಕು? ನಾನು ಪಾಠ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ಟೇಬಲ್ ಟೆನಿಸ್ ತಂಡಕ್ಕೆ ನೋಟಿಸ್ ಹಾಕಿದ್ದರು. 'ಆಸಕ್ತ ವಿದ್ಯಾರ್ಥಿಗಳು ಶುಕ್ರವಾರದೊಳಗೆ ಹೆಸರು ಕೊಡುವುದು.' ಒಬ್ಬ ಹುಡುಗಿಯೂ ಹೆಸರು ಕೊಡಲಿಲ್ಲ. ಕ್ಲಾಸಿನಲ್ಲಿ ಕೇಳಿದರೆ 'ಅದು ಹುಡುಗ್ರಿಗೆ ಅಲ್ವಾ ಮೇಡಂ' ಅಂದರು. ನೋಟಿಸ್ ಬೋರ್ಡಿನ ಗಾಜು ಸರಿಸಿ 'ವಿದ್ಯಾರ್ಥಿನಿಯರೂ' ಅಂತ ಬಾಲ್‌ಪೆನ್ನಿನಲ್ಲಿ ಗೀಚಿದೆ. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಏಳು ಹೆಸರು ಬಂದಿದ್ದವು. ಅದರಲ್ಲಿ ಇಬ್ಬರಿಗೆ ಬ್ಯಾಟ್ ಹಿಡಿಯಲೂ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಹಾಗಂತ ಎಲ್ಲ ಕಡೆ 'ವಿದ್ಯಾರ್ಥಿ-ವಿದ್ಯಾರ್ಥಿನಿಯರಿಗೆ' ಅಂತ ರೈಲಿನಷ್ಟು ಉದ್ದ ಬರೆಯಬೇಕಿಲ್ಲ. ಹುಡುಗಿಯರು 'ಇದು ನಮಗಲ್ಲ' ಅಂದುಕೊಂಡು ಹಿಂದೆ ಸರಿಯುವ ಜಾಗದಲ್ಲಿ, ಅಂದರೆ ಆಟ, ಎನ್‌ಸಿಸಿ, ಚುನಾವಣೆಯಂಥ ಕಡೆ ಬಿಡಿಸಿ ಹೇಳಿ. ಸ್ವಾಗತದ ಬ್ಯಾನರಿಗೆ 'ಹೊಸದಾಗಿ ಸೇರಿದ ಎಲ್ಲರಿಗೂ ಸ್ವಾಗತ' ಅಂದರೆ ಸಾಕು. ಫ್ಲೆಕ್ಸಿನವರು ಚದರಡಿ ಲೆಕ್ಕದಲ್ಲಿ ದುಡ್ಡು ತಗೊಳ್ಳುವ ಕಾಲದಲ್ಲಿ ಪದ ಕಮ್ಮಿ ಇದ್ದಷ್ಟೂ ಒಳ್ಳೆಯದು.

ಇದೆಲ್ಲ ಹೊರದೇಶದ ಗೀಳು. ಅಲ್ಲಿಯವರು ಜಗಳ ಆಡಿದರು ಅಂತ ನಾವು ಕನ್ನಡದ ವ್ಯಾಕರಣ ಕೆಡಿಸಿಕೊಳ್ಳಬೇಕೇ? ವಿದ್ಯಾರ್ಥಿ, ವಿದ್ಯಾರ್ಥಿನಿ ಎರಡೂ ನಮ್ಮಲ್ಲಿ ಮೊದಲಿಂದ ಇವೆ. ಸಾಕಲ್ಲವೇ?
— ಉಪನ್ಯಾಸಕರು, ಚಿಕ್ಕಮಗಳೂರು

ಸರ್, ಅವೆರಡೂ ಸಂಸ್ಕೃತದಿಂದ ಬಂದ ಪದಗಳು. ಬೇಡ ಅನ್ನುತ್ತಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದ್ದು ಅನ್ನುವ ಶಾಸನದಲ್ಲೇ ಸಂಸ್ಕೃತ ತುಂಬಿದೆ, ನಾವು ಈಗ ಮಡಿ ಮಾಡಿ ಏನು ಪ್ರಯೋಜನ? ಆದರೆ ಕನ್ನಡದ ವ್ಯಾಕರಣದ ಮಾತು ಎತ್ತಿದ್ದೀರಿ, ಅದನ್ನೇ ನೋಡೋಣ.

'ನಾನು ಬಂದೆ' ಅಂದರೆ ಬಂದದ್ದು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಹಿಂದಿಯಲ್ಲಿ ಗೊತ್ತಾಗುತ್ತದೆ, ಆಯಾ, ಆಯೀ. 'ನೀನು ಬಂದೆ' ಅಂದರೂ ಇಲ್ಲ. 'ಅವರು ಬಂದರು' ಅಂದರೂ ಇಲ್ಲ. ಗಂಡು ಹೆಣ್ಣು ಬೇರೆಯಾಗುವುದು 'ಬಂದ', 'ಬಂದಳು' ಅನ್ನುವಾಗ ಮಾತ್ರ. ಅಂದರೆ ಎದುರಿಗಿಲ್ಲದ ಒಬ್ಬರ ಬಗ್ಗೆ ಏಕವಚನದಲ್ಲಿ ಮಾತಾಡುವಾಗ. ಇಂಗ್ಲಿಷಿನವರು ಒಬ್ಬರಿಗೆ ಬಹುವಚನ ಬಳಸಬಹುದೋ ಬೇಡವೋ ಅಂತ ಈಗಲೂ ಕಿತ್ತಾಡುತ್ತಿದ್ದಾರೆ. ನಮಗೆ ಅದು ಅಜ್ಜಿ ಕಾಲದಿಂದ ಬಂದ ಮರ್ಯಾದೆ. ಮನೆಗೆ ಬಂದ ಬೀಗರಿಗೆ, ಡಾಕ್ಟರಿಗೆ, ಮೇಷ್ಟ್ರಿಗೆ ಎಲ್ಲ 'ಬಂದರು', 'ಹೋದರು' ಅನ್ನುತ್ತೇವೆ. ಗಂಡೋ ಹೆಣ್ಣೋ ಅನ್ನುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಹಾಗಿದ್ದರೆ ಕಾಲೇಜಿನ ಕಾಗದಪತ್ರದಲ್ಲಿ ಯಾಕೆ ಏಳುತ್ತದೆ? ಒಂದು ವ್ಯಾಸಂಗ ಪ್ರಮಾಣಪತ್ರ ತೆಗೆದು ನೋಡಿ. ನನ್ನ ಹಳೇ ಫೈಲಿನಲ್ಲಿ ಒಂದು ಖಾಲಿ ಫಾರಂ ಇದೆ. 'ಶ್ರೀ/ಕುಮಾರಿ/ಶ್ರೀಮತಿ', ಆಮೇಲೆ ಚುಕ್ಕಿಚುಕ್ಕಿ, 'ಇವರ ಮಗ/ಮಗಳಾದ', ಮತ್ತೆ ಚುಕ್ಕಿಚುಕ್ಕಿ, 'ಈ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದಾನೆ/ಳೆ'. ಆ 'ನೆ/ಳೆ'ಯನ್ನು ಜೋರಾಗಿ ಓದಿ ನೋಡಿ, ಬಾಯಿಗೆ ಕಲ್ಲು ಸಿಕ್ಕ ಹಾಗಾಗುತ್ತದೆ. ಎರಡರಲ್ಲಿ ಒಂದನ್ನು ಗುಮಾಸ್ತರು ಪೆನ್ನಿನಲ್ಲಿ ಹೊಡೆಯಬೇಕು. ಗಡಿಬಿಡಿಯಲ್ಲಿ ತಪ್ಪಾಗಿ ಹೊಡೆದು, ಬಸ್ ಪಾಸಿಗೆ ಅಂತ ಹೋದ ಹುಡುಗಿ 'ಮಾಡುತ್ತಿದ್ದಾನೆ' ಆಗಿ ವಾಪಸ್ ಬಂದದ್ದನ್ನು ನಾನೇ ಕಂಡಿದ್ದೇನೆ. 'ಮಾಡುತ್ತಿದ್ದಾರೆ' ಅಂತ ಅಚ್ಚು ಹಾಕಿಸಿದ್ದರೆ ಪೆನ್ನೂ ಬೇಕಿರಲಿಲ್ಲ, ಓರೆಗೆರೆಯೂ ಬೇಕಿರಲಿಲ್ಲ.

ಅಲ್ಲಿ ಅಡ್ಡ ಬರುವುದು ವ್ಯಾಕರಣ ಅಲ್ಲ ಸರ್, ನಮ್ಮ ಬಿಗುಮಾನ. ಹದಿನೆಂಟು ವರ್ಷದ ಹುಡುಗರಿಗೆ ಯಾರು 'ಆರೆ' ಹಚ್ಚುತ್ತಾರೆ ಅನ್ನುವುದು. ನೀವೇ 'ಉಪನ್ಯಾಸಕರು' ಅಂತ ನಿಮಗೆ ನೀವೇ ಬಹುವಚನ ಹಾಕಿ ಸಹಿ ಮಾಡಿದ್ದೀರಿ, ಸಂತೋಷ. ಅದರಲ್ಲಿ ಒಂದಿಷ್ಟು ಮಕ್ಕಳಿಗೂ ಕೊಡಿ. (ನೋಡಿ, ನಾನೂ 'ಹುಡುಗರು' ಅಂತ ಬರೆದೆ, ಹುಡುಗಿಯರನ್ನೂ ಸೇರಿಸಿಯೇ. ಹಾಸನದ ನಾಲಿಗೆ, ಅಷ್ಟು ಬೇಗ ತಿರುಗುವುದಿಲ್ಲ.)

ನಮ್ಮ ಮಗಳು ಜರ್ಮನಿಯಲ್ಲಿ ಎಂ.ಎಸ್. ಮಾಡುತ್ತಿದ್ದಾಳೆ. ಅಲ್ಲಿ ವಿದ್ಯಾರ್ಥಿ ಅನ್ನುವ ಪದದ ಮಧ್ಯೆ ನಕ್ಷತ್ರ ಹಾಕುತ್ತಾರಂತೆ, ಅದಕ್ಕೆ ಸರ್ಕಾರದ ತನಕ ಜಗಳವಂತೆ. ಹೌದಾ? ಗಂಡು ಪ್ರೊಫೆಸರಿಗೂ ಹೆಣ್ಣಿನ ಪದದಲ್ಲೇ ಕರೆಯಬೇಕು ಅಂತಲೂ ಎಲ್ಲೋ ಓದಿದೆ.
— ಗೃಹಿಣಿ, ಬೇಲೂರು

ನಕ್ಷತ್ರ ಹೌದು. ಜರ್ಮನ್‌ನಲ್ಲಿ ಓದುವ ಹುಡುಗ 'ಷ್ಟುಡೆಂಟ್', ಹುಡುಗಿ 'ಷ್ಟುಡೆಂಟಿನ್'. ಬಹುವಚನದಲ್ಲಿ ಗಂಡಿನ ಪದವನ್ನೇ ಎಲ್ಲರಿಗೂ ಹಾಕುವುದು ಹಳೇ ರೂಢಿ. ಅದು ಸರಿಯಲ್ಲ ಅಂತ ಒಬ್ಬರು ಓರೆಗೆರೆ ಹಾಕಿದರು, ಒಬ್ಬರು ಪದದ ನಡುವೆ ದೊಡ್ಡಕ್ಷರ ಹಾಕಿದರು, ಗಂಡು ಹೆಣ್ಣು ಎರಡೂ ಅಲ್ಲದವರೂ ಸೇರಲಿ ಅಂತ ಕೊನೆಗೆ ನಕ್ಷತ್ರ ಬಂತು. ಓದುವಾಗ ನಕ್ಷತ್ರದ ಜಾಗದಲ್ಲಿ ಒಂದು ಕ್ಷಣ ಉಸಿರು ನಿಲ್ಲಿಸುತ್ತಾರೆ. ಬವೇರಿಯಾ ರಾಜ್ಯ 2024ರ ಏಪ್ರಿಲ್ 1ರಿಂದ ಸರ್ಕಾರಿ ಕಚೇರಿ, ಶಾಲೆ, ವಿಶ್ವವಿದ್ಯಾಲಯಗಳ ಅಧಿಕೃತ ಬರಹದಲ್ಲಿ ಇಂಥ ಚಿಹ್ನೆ ಬೇಡ ಅಂದಿತು. ಫ್ರಾನ್ಸಿನಲ್ಲೂ ಇದೇ ಕಥೆ, ಅಲ್ಲಿ ನಕ್ಷತ್ರದ ಬದಲು ಚುಕ್ಕಿ. 2017ರ ನವೆಂಬರಿನಲ್ಲಿ ಅಲ್ಲಿನ ಪ್ರಧಾನಿ ಸರ್ಕಾರಿ ಆದೇಶಗಳಲ್ಲಿ ಚುಕ್ಕಿ ಬಳಸಬೇಡಿ ಅಂತ ಸುತ್ತೋಲೆ ಹೊರಡಿಸಿದರು.

ಪ್ರೊಫೆಸರ್ ವಿಷಯ ಅರ್ಧ ಸತ್ಯ. 2013ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯದವರು ತಮ್ಮ ನಿಯಮಾವಳಿಯಲ್ಲಿ ಓರೆಗೆರೆ ಸಾಕಾಗಿ ಎಲ್ಲ ಕಡೆ ಸ್ತ್ರೀಲಿಂಗದ ಪದವನ್ನೇ ಹಾಕಿದರು, ಇದು ಗಂಡಸರಿಗೂ ಅನ್ವಯ ಅಂತ ಕೆಳಗೊಂದು ಟಿಪ್ಪಣಿ ಕೊಟ್ಟರು. ಅಷ್ಟೇ. ಪತ್ರಿಕೆಗಳು ಮಾತ್ರ ಇನ್ನು ಮುಂದೆ ಗಂಡು ಪ್ರೊಫೆಸರನ್ನೂ 'ಪ್ರೊಫೆಸರಮ್ಮ' ಅನ್ನಬೇಕಂತೆ ಅನ್ನುವ ಧಾಟಿಯಲ್ಲಿ ಹೆಡ್‌ಲೈನ್ ಹೊಡೆದವು. ನಿಮ್ಮ ಮಗಳಿಗೆ ಹೇಳಿ, ಯಾರೂ ಹಾಗೆ ಕರೆಯಬೇಕಿಲ್ಲ.

ಅವಳಿಗೆ ಬರುವ ಇ-ಮೇಲುಗಳಲ್ಲಿ 'ಷ್ಟುಡೀರೆಂಡೆ' ಅಂತ ಒಂದು ಪದ ಇರಬಹುದು, ಕೇಳಿ ನೋಡಿ. 'ಓದುತ್ತಿರುವವರು' ಅಂತ ಅರ್ಥ. ಅದರ ಬಹುವಚನದಲ್ಲಿ ಗಂಡು ಹೆಣ್ಣಿನ ಭೇದ ಇಲ್ಲ, ಚಿಹ್ನೆಯ ರಗಳೆಯೂ ಇಲ್ಲ. ನಿದ್ದೆ ಮಾಡುವಾಗ ಅವರೇನು ಓದುತ್ತಿರುತ್ತಾರಾ ಅಂತ ಆಗದವರು ಅದನ್ನೂ ಗೇಲಿ ಮಾಡುತ್ತಾರೆ. ನಾವು 'ಹಾಡುವವರು', 'ಕಲಿಯುವವರು' ಅಂತ ದಿನಾ ಅನ್ನುವುದಿಲ್ಲವೇ, ಅವರೇನು ದಿನವಿಡೀ ಹಾಡುತ್ತಿರುತ್ತಾರಾ?

ನಮ್ಮ ಕ್ಲಾಸಿನಲ್ಲಿ ಒಬ್ಬರು ತಮ್ಮನ್ನು ಹುಡುಗ ಅಂತಲೂ ಹುಡುಗಿ ಅಂತಲೂ ಗುರುತಿಸಿಕೊಳ್ಳುವುದಿಲ್ಲ. ಕೆಲವರು ಹಿಂದಿನಿಂದ 'ಅದು ಬಂತು, ಅದು ಹೋಯ್ತು' ಅಂತಾರೆ. ನನಗೆ ಸಂಕಟ ಆಗುತ್ತೆ. ಆದರೆ ಸರಿಯಾದ ಪದ ಯಾವುದು ಅಂತ ನನಗೂ ಗೊತ್ತಿಲ್ಲ.
— ಸಕಲೇಶಪುರ

ನಮ್ಮ ಕಡೆ 'ಅದು' ಅನ್ನುವುದು ಪ್ರೀತಿಯ ಮಾತೂ ಹೌದು. 'ಪಾಪ, ಊಟ ಮಾಡಿಲ್ಲ ಅದು' ಅಂತ ಮಗುವಿನ ಬಗ್ಗೆ ತಾಯಿ ಅನ್ನುತ್ತಾಳೆ. ನಿಮ್ಮ ಕ್ಲಾಸಿನವರು ಅನ್ನುತ್ತಿರುವುದು ಆ ಅರ್ಥದಲ್ಲಿ ಅಲ್ಲ, ಅದು ಅವರಿಗೂ ಗೊತ್ತು. ಇದೊಂದನ್ನು ಮಾತ್ರ ತಮಾಷೆ ಅಂತ ಬಿಡಬೇಡಿ, ಅಲ್ಲೇ 'ಅದು' ಅನ್ನುವ ಜಾಗದಲ್ಲಿ ಆ ಸಹಪಾಠಿಯ ಹೆಸರು ಹೇಳಿ ತಿದ್ದಿ.

ಪದ 'ಅವರು'. ಲಿಂಗತ್ವ ಅಲ್ಪಸಂಖ್ಯಾತರಾದ ಜಾನಪದ ಕಲಾವಿದರು ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಆಮೇಲೆ ಪದ್ಮಶ್ರೀ ಪಡೆದರು. ಈ ವಾಕ್ಯ ಬರೆಯುವಾಗ ನನ್ನ ಪೆನ್ನು ಎಲ್ಲೂ ನಿಲ್ಲಲಿಲ್ಲ, ಓದುವಾಗ ನೀವೂ ನಿಲ್ಲಲಿಲ್ಲ ಅಲ್ವಾ?

ಒಂದು ತೊಡಕಿದೆ, ಒಪ್ಪುತ್ತೇನೆ. ಜೊತೆಯಲ್ಲಿ ಕೂತು ಒಂದೇ ಡಬ್ಬಿಯ ಚಿತ್ರಾನ್ನ ತಿನ್ನುವವರನ್ನು 'ಅವರು' ಅಂದರೆ ದೂರ ಆದ ಹಾಗೆ ಅನ್ನಿಸುತ್ತದೆ. ಆಗ ಹೆಸರೇ ಹಿಡಿದು ಮಾತಾಡಿ, ಇಲ್ಲವೇ ಅವರನ್ನೇ ಕೇಳಿ. ಕಾಗದಪತ್ರದ ವಿಷಯಕ್ಕೆ ಬಂದರೆ, ತಮ್ಮ ಲಿಂಗತ್ವ ಯಾವುದು ಅಂತ ಹೇಳುವ ಹಕ್ಕು ಅವರದ್ದೇ ಅಂತ ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದೇ ಹೇಳಿದೆ. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯ 2015ರಲ್ಲಿ ಒಬ್ಬರು ಕೇಳಿಕೊಂಡರು ಅಂತ ಪ್ರಮಾಣಪತ್ರದಲ್ಲಿ ಮಿಸ್ಟರ್, ಮಿಸ್ ಎರಡೂ ಬಿಟ್ಟು 'ಮಿಕ್ಸ್' (Mx., ಗಂಡೋ ಹೆಣ್ಣೋ ಅಂತ ಹೇಳದ ಪದ) ಅಂತ ಹಾಕಿಕೊಟ್ಟಿತು. ನಿಮ್ಮ ಪ್ರಿನ್ಸಿಪಾಲರಿಗೆ ಅರ್ಜಿ ಬರೆಯುವುದಾದರೆ ಈ ಎರಡನ್ನೂ ಸೇರಿಸಿ ಬರೆಯಿರಿ.

ವಿಶ್ವವಿದ್ಯಾಲಯಕ್ಕೆ ಹೆಂಗಸರು ಬಂದರೆ 'ಕುಲಪತಿ' ಅನ್ನುವುದು ತಮಾಷೆ ಅಲ್ವಾ? ಇನ್ನೊಂದು, ಕಾಲೇಜಿಗೆ ಹೋಗುವ ಮೊಮ್ಮಗಳು ಗೆಳತಿಯನ್ನು 'ಬಾರೋ ಮಗಾ' ಅಂತ ಕರೀತಾಳೆ. ನಮ್ಮ ಕಾಲದಲ್ಲಿ ಗಂಡುಮಕ್ಕಳಿಗೆ 'ಬಾರೋ', ಹೆಣ್ಣುಮಕ್ಕಳಿಗೆ 'ಬಾರೇ' ಅಂತಿತ್ತು. ಇದಕ್ಕೇನಂತೀರಿ?
— ಅಜ್ಜಿ, ಅರಸೀಕೆರೆ

ಅಜ್ಜಿ, 2007ರಲ್ಲಿ ಪ್ರತಿಭಾ ಪಾಟೀಲರು ಬಂದಾಗ 'ರಾಷ್ಟ್ರಪತಿ'ಗೂ ಇದೇ ಚರ್ಚೆ ಆಗಿತ್ತು. ಪದ ಹಾಗೇ ಉಳಿಯಿತು, ದ್ರೌಪದಿ ಮುರ್ಮು ಅವರ ಹೊತ್ತಿಗೆ ನಮ್ಮ ಕಿವಿ ಪಳಗಿತ್ತು. ಕುಲಪತಿಗಳಿಗೂ ಅಷ್ಟೇ.

ಮೊಮ್ಮಗಳ ವಿಷಯಕ್ಕೆ ಬಂದರೆ, ಮೊನ್ನೆ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಚೂಡಿದಾರದ ಹುಡುಗಿಯೊಬ್ಬಳು ಹೊರಡುತ್ತಿದ್ದ ಬಸ್ಸಿನ ಬಾಗಿಲಲ್ಲಿ ನಿಂತು 'ಬೇಗ ಹತ್ತೋ ಮಗಾ' ಅಂತ ಕೂಗಿದಳು. ಕೆಳಗಿದ್ದ ಹುಡುಗಿ ಓಡಿ ಬಂದು ಹತ್ತಿದಳು, ಅವಳ ಹಿಂದೆ ಇಬ್ಬರು ಹುಡುಗರೂ ಓಡಿ ಬಂದು ಹತ್ತಿದರು. ಯಾರನ್ನು ಕರೆದದ್ದು ಅಂತ ಯಾರೂ ಕೇಳಲಿಲ್ಲ. ಕಂಡಕ್ಟರು ಮಾತ್ರ 'ಮಗಾ, ಪಾಸ್ ತೋರ್ಸಿ' ಅಂದರು, ನಾಲ್ಕೂ ಜನ ತೆಗೆದು ತೋರಿಸಿದರು.