ಎಂಜಿನ್ ಬದಲಿಸುವ ಮುನ್ನ

ಪ್ರಶ್ನೆ: ಅಮೆರಿಕದ ಡೆನ್ವರಿನಲ್ಲಿದ್ದೇನೆ. ನನ್ನದು 2003ರ ಷೆವ್ರೊಲೆ ಸಿಲ್ವರಾಡೊ ಪಿಕಪ್: 5.3 ಲೀಟರ್ ವಿ8 ಎಂಜಿನ್, ನಾಲ್ಕು ಗೇರಿನ ಆಟೊಮ್ಯಾಟಿಕ್, ಆಕ್ಸಲ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ) 3.42. ಸುಮಾರು 2,300 ಕಿಲೋ ತೂಗುವ ಕ್ಯಾಂಪರ್ ಟ್ರೇಲರ್ ಎಳೆದುಕೊಂಡು ಊರಿನ ಪಶ್ಚಿಮಕ್ಕೆ ಬೆಟ್ಟದ ಹೆದ್ದಾರಿಯಲ್ಲಿರುವ ಐಸೆನ್‌ಹೋವರ್ ಸುರಂಗದ ಏರು ಹತ್ತುವಾಗ ಗಾಡಿ ಏದುಸಿರು ಬಿಡುತ್ತದೆ, ಗೇರ್ ಜಿಗಿದಾಡುತ್ತದೆ. 6.0 ಲೀಟರ್ ಎಂಜಿನ್ ಕೂರಿಸಿದರೆ ಸರಿಹೋದೀತೇ?

ಉತ್ತರ: ಸ್ವಲ್ಪ ಸರಿಹೋದೀತು, ಆದರೆ ಹಣ ಮೊದಲು ಹಾಕಬೇಕಾದದ್ದು ಅಲ್ಲಿಗಲ್ಲ. 6.0 ಲೀಟರಿಗೆ ಹೋದರೆ ಎಂಜಿನ್ನಿನ ಗಾತ್ರ ಹೆಚ್ಚುವುದು ಶೇ. 13ರಷ್ಟು, ಈಗಿನ ಎಂಜಿನ್ನನ್ನೇ ಉಳಿಸಿಕೊಂಡು ಡಿಫರೆನ್ಷಿಯಲ್‌ನ (ಆಕ್ಸಲ್ಲಿನ ನಡುವೆ ಕೂತು ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಕ್ರೌನ್-ಪಿನಿಯನ್ ಹಲ್ಲುಚಕ್ರಗಳ ಜೋಡಿಯನ್ನು ಬದಲಿಸಿ ಆಕ್ಸಲ್ ಅನುಪಾತವನ್ನು 4.10ಕ್ಕೆ ಏರಿಸಿದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಮುಟ್ಟುವ ಟಾರ್ಕ್ (ತಿರುಗಿಸುವ ಬಲ) ಶೇ. 20ರಷ್ಟು ಏರುತ್ತದೆ. ನಿಮ್ಮ ಗೇರ್‌ಬಾಕ್ಸಿನಲ್ಲಿ ಎರಡನೆಯ ಗೇರಿನ ಅನುಪಾತ 1.63, ಮೂರನೆಯದು 1.00; ನಡುವಿನ ಈ ದೊಡ್ಡ ಕಂದರದಲ್ಲಿಯೇ ಗಾಡಿ ಒದ್ದಾಡುತ್ತಿರುವುದು. ಗಾಡಿ ನಾಲ್ಕು ಚಕ್ರ ಚಾಲನೆಯದಾದರೆ ಮುಂದಿನ ಡಿಫರೆನ್ಷಿಯಲನ್ನೂ ಬದಲಿಸಬೇಕು, ಸ್ಪೀಡೋಮೀಟರನ್ನು ಹೊಸದಾಗಿ ಹೊಂದಿಸಬೇಕು, ಪೆಟ್ರೋಲ್ ತುಸು ಹೆಚ್ಚು ಕುಡಿಯುತ್ತದೆ.

ಆದರೆ ಇದರಿಂದ ಎಂಜಿನ್ನಿನ ಗರಿಷ್ಠ ಶಕ್ತಿಯೇನೂ ಹೆಚ್ಚುವುದಿಲ್ಲ. ಸುರಂಗವಿರುವುದು ಸಮುದ್ರಮಟ್ಟದಿಂದ ಸುಮಾರು 11,000 ಅಡಿ ಎತ್ತರದಲ್ಲಿ; ಅಲ್ಲಿನ ತೆಳುಗಾಳಿಯಲ್ಲಿ ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಇಲ್ಲದ ಯಾವುದೇ ಎಂಜಿನ್ ತನ್ನ ಶಕ್ತಿಯಲ್ಲಿ ಹತ್ತಿರ ಹತ್ತಿರ ಶೇ. 30ನ್ನು ಕಳೆದುಕೊಳ್ಳುತ್ತದೆ, 6.0 ಲೀಟರಿನದೂ ಅದಕ್ಕೆ ಹೊರತಲ್ಲ. ತಿಂಗಳಿಗೆರಡು ಬಾರಿ ಆ ಏರು ಹತ್ತುವವರಾದರೆ ಟರ್ಬೊ ಇರುವ ಗಾಡಿಯನ್ನೇ ನೋಡಿ. 2021ರ ಫೋರ್ಡ್ ಎಫ್-150ಯಲ್ಲಿ 5.0 ಲೀಟರ್ ವಿ8ಗೂ 3.5 ಲೀಟರ್ ಟರ್ಬೊ ವಿ6ಗೂ 400 ಅಶ್ವಶಕ್ತಿಯೇ; ಟಾರ್ಕ್ ಮಾತ್ರ ವಿ8ರಲ್ಲಿ 410, ಟರ್ಬೊ ವಿ6ರಲ್ಲಿ 500 ಪೌಂಡ್-ಅಡಿ, ಮತ್ತು ಬೆಟ್ಟದ ಮೇಲೆ ಆ ಅಂತರ ಇನ್ನೂ ಹಿಗ್ಗುತ್ತದೆ.

ಎಂಜಿನ್ ಬದಲಿಸಿದರೂ ಕಂಪನಿ ನಿಗದಿಪಡಿಸಿದ ಎಳೆಯುವ ಮಿತಿ ಏರುವುದಿಲ್ಲ, ಏಕೆಂದರೆ ಬ್ರೇಕು, ಚೌಕಟ್ಟು, ಆಕ್ಸಲ್ಲುಗಳು ಹಳೆಯವೇ. ಟ್ರೇಲರಿನ ತೂಕದ ಶೇ. 10ರಿಂದ 15ರಷ್ಟು ಕೊಕ್ಕೆಯ ಮೂಲಕ ಪಿಕಪ್ಪಿನ ಮೇಲೆಯೇ ಕೂರುತ್ತದೆ, ಅಂದರೆ ನಿಮಗೆ 230ರಿಂದ 345 ಕಿಲೋ; ಬಾಗಿಲ ಚೌಕಟ್ಟಿನ ಲೇಬಲಿನಲ್ಲಿರುವ ಒಟ್ಟು ತೂಕದ ಮಿತಿಯೊಳಗೆ ಮನೆಮಂದಿ, ಸಾಮಾನು ಸಹಿತ ಇದೂ ಸೇರಬೇಕು.

ಗ್ಯಾರೇಜಿನವರು ಎಂಜಿನ್ ಎಂದರೆ ಹುರುಪುಗೊಳ್ಳುತ್ತಾರೆ, ಗೇರ್‌ಬಾಕ್ಸಿನ ಆಯಿಲ್ ಕೂಲರ್ ಎಂದರೆ ಆಕಳಿಸುತ್ತಾರೆ. ನೀವು ಮಾತ್ರ ದೊಡ್ಡ ಕೂಲರನ್ನು ಮೊದಲೇ ಹಾಕಿಸಿ, ಏರಿನಲ್ಲಿ ನಾಲ್ಕನೆಯ ಗೇರಿಗೆ ಹೋಗಗೊಡಬೇಡಿ. ಇಂದೇ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ಬಿಳಿ ಕಾಗದಕ್ಕೆ ಒರೆಸಿ: ಆಯಿಲ್ ಕೆಂಪಗಿದ್ದರೆ ಆಕ್ಸಲ್ ಕೆಲಸಕ್ಕೆ ಕೈಹಾಕಬಹುದು, ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಮೊದಲು ಗೇರ್‌ಬಾಕ್ಸ್ ಬಿಚ್ಚಿಸಿ ನೋಡಿಸಿ.